ಸೀಗೆ ಹುಣ್ಣಿಮೆಯ ಚರಗ

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುನ್ನ ಮಕ್ಕಳು ಬಾಚಣಿಗೆಯ ಮೇಲೆ ಹಿಟ್ಟು ಹೊರಳಿಸಿ ‘ಕಿಡಿಯೊ’ ಮಾಡುವ ರೂಢಿಯಿದೆ. ಮಕ್ಕಳು ಬೆಳೆದು ದೂರ ಹೋದ ಎಷ್ಟೋ ಮನೆಗಳಿಗೆ ಈಗ ಆ ಕುಸ್ವಾರ್ ತಿಂಡಿ ಬೇಕರಿಯಿಂದಲೇ ಬರುತ್ತದೆ. ಇದನ್ನು ನೆನೆದಾಗಲೆಲ್ಲ ನಮ್ಮ ಸಾಸ್ವೆಹಳ್ಳಿ ಸೀಮೆಯ ಸೀಗೆ ಹುಣ್ಣಿಮೆ ಕಣ್ಮುಂದೆ ನಿಲ್ಲುತ್ತದೆ.

ಆಶ್ವಯುಜ ಮಾಸದ ಈ ಭೂಮಿ ಹುಣ್ಣಿಮೆಯೆಂದರೆ ತೆನೆಗಟ್ಟುವ ಪೈರನ್ನು ಬಸುರಿಯೆಂದು ಬಗೆದು ಬಯಕೆಯೂಟ ಬಡಿಸುವ ಹಬ್ಬ. ಹೆಂಗಸರು ರಾತ್ರಿಯಿಡೀ ಅಡುಗೆ ಮಾಡುವರು. ಬೆಳಕು ಹರಿಯುವ ಮುನ್ನ ಬೆರಕೆ ಸೊಪ್ಪು ಬೆರೆಸಿದ ಚರಗವನ್ನು ಹೊಲದ ತುಂಬ ಚೆಲ್ಲಬೇಕು. ಸಾಗರ, ಸೊರಬಗಳ ದೀವರು ಅದನ್ನೊಯ್ಯುವ ಬುಟ್ಟಿಗೂ ಚಿತ್ತಾರ ಬರೆಯುತ್ತಾರೆ. ನಮ್ಮ ಮನೆಯದು ಬರಿಯ ಬುಟ್ಟಿ. ಲಾಟೀನು ಹಿಡಿದು, ಕೂಗುತ್ತ ಮುಂದೆ ಓಡುವ ಕೆಲಸ ಮಾತ್ರ ಮಕ್ಕಳದೇ.

1965ರಲ್ಲಿ ಭದ್ರಾ ಅಣೆಕಟ್ಟು ಮುಗಿದು, ನಾಲೆಯ ನೀರು ಹರಿದಲ್ಲೆಲ್ಲ ಹೊಲಗಳು ಗದ್ದೆಗಳಾದವು. ಎಷ್ಟೋ ಕಡೆ ಮುಂದೆ ಅಡಿಕೆ ತೋಟಗಳಾದವು. ಹಬ್ಬ ಸೊರಗಿದ್ದಕ್ಕೆ ಇದೇ ಕಾರಣವೆನ್ನುವವರುಂಟು. ನಾನೊಪ್ಪೆ. ತೋಟದಲ್ಲೂ ಚರಗ ಚೆಲ್ಲಬಹುದು. ಲಾಟೀನು ಹಿಡಿಯುವವರು ಬೇಕಲ್ಲ! ಅವರನ್ನು ಓದಿಸಿ ಊರು ಬಿಡಿಸಿದವರು ನಾವೇ, ಮೇಷ್ಟರುಗಳು.

ನನ್ನ ಮಕ್ಕಳು ಬೆಂಗಳೂರು ಸೇರಿದ ಮೇಲೆ ಒಂದು ವರ್ಷ, ಅವರ ರಜೆಗಾಗಿ ಹಬ್ಬವನ್ನು ಭಾನುವಾರಕ್ಕೆ ಮುಂದೂಡಿದೆವು. ಅಮ್ಮ ಏನೂ ಅನ್ನಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ನಾನೆದ್ದಾಗ ಅವಳ ಸೀರೆಯ ಅಂಚು ಇಬ್ಬನಿಯಲ್ಲಿ ತೊಯ್ದಿತ್ತು. ಮಡಿಲಲ್ಲಿ ಹಿಡಿ ಅನ್ನ ಕಟ್ಟಿಕೊಂಡು ಒಬ್ಬಳೇ ಹೊಲಕ್ಕೆ ಹೋಗಿಬಂದಿದ್ದಳು. ಭಾನುವಾರ ಮೊಮ್ಮಕ್ಕಳ ಜೊತೆಗೂ ಬಂದಳು; ಕೂಗುವುದು ಹೇಗೆಂದು ನಡುಹಗಲಲ್ಲಿ ಅವರಿಗೆ ಕಲಿಸಿದಳು.