ಬೀಜದ ಮೀನು

ಹಿಂದಿನ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಇಟಗಿಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವನು. ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ ಎಂಬುದನ್ನು ಇಂದಿಗೂ ಮರೆತಿಲ್ಲ. ಈಗ ಹೊಲದ ಹೊಂಡದಲ್ಲಿ ಗೆಂಡೆ ಮೀನು ಸಾಕುತ್ತಾನೆ.

"ಸರ, ಅದ ನೀರು, ಅದ ತೌಡು, ಅದ ಶೇಂಗಾ ಹಿಂಡಿ. ಮೊದಲನೇ ವರ್ಷ ಬೆಳೆದಂಗ ಈಗ ಬೆಳಿವಲ್ಲವು, ಯಾಕ್ರಿ?" ಎಂದ.

ಸಗಣಿ ಗೊಬ್ಬರ ಸಾಲದೇನೋ, ಇನ್ನಷ್ಟು ಹಾಕಪ್ಪ ಎಂದುಬಿಟ್ಟೆ. ಗೊತ್ತಿಲ್ಲ ಎನ್ನುವ ಮಾತು ಮಾಸ್ತರನ ಬಾಯಿಗೆ ಬೇಗ ಬರುವುದಿಲ್ಲ. ಅವನು ಗೊಬ್ಬರ ಹಾಕಿದ, ಮೀನು ಬೆಳೆಯಲಿಲ್ಲ. ನಾಚಿಕೆಪಟ್ಟು ಓದಲು ಕುಳಿತೆ. ಓದಿದ್ದನ್ನು ನಿಮಗೂ ಹೇಳುತ್ತಿದ್ದೇನೆ.

ರೋಹು, ಕಾಟ್ಲಾ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಉತ್ತರದ ನದಿಗಳಿಂದ ಮರಿಗಳನ್ನು ಹಿಡಿದು ತರಬೇಕಾಗಿತ್ತು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ, ಮೀನಿನದೇ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಕೊಳದಲ್ಲಿಯೇ ಮರಿ ಮಾಡಿಸಿದರು. ಅಲ್ಲಿಂದ ನದಿಯ ಹಂಗು ತಪ್ಪಿತು. ಜೊತೆಗೆ ನದಿಯ ಹೊಸ ರಕ್ತವೂ ತಪ್ಪಿತು ಎಂಬುದನ್ನು ಯಾರೂ ಗಮನಿಸಲಿಲ್ಲ.

ಗಮನಿಸಿದ್ದು ನಮ್ಮ ಕರ್ನಾಟಕದಲ್ಲಿ. ಅಂಬೇಕರ್ ಏಕನಾಥ್ ಮತ್ತು ಕೆನಡಾದ ರೋಜರ್ ಡಾಯ್ಲ್ ಇಲ್ಲಿಯ ಮೀನುಮರಿ ಕೇಂದ್ರಗಳನ್ನು ಪರಿಶೀಲಿಸಿದರು. ತಾಯಿಮೀನುಗಳನ್ನು ಇಟ್ಟುಕೊಳ್ಳುವ ರೀತಿಯಿಂದಲೇ, ಯಾರ ಉದ್ದೇಶವೂ ಇಲ್ಲದೆ, ನಿಧಾನವಾಗಿ ಬೆಳೆಯುವ ಮೀನುಗಳ ಆಯ್ಕೆ ನಡೆದುಹೋಗಬಹುದೆಂದು 1985ರಲ್ಲಿ ತೋರಿಸಿದರು. 1990ರ ಲೇಖನದಲ್ಲಿ, ಕೆಲವೇ ಮೀನುಗಳಿಂದ ಮರಿ ಮಾಡಿಸುವುದರಿಂದ ಒಳಸಂಬಂಧವು ವರ್ಷಕ್ಕೆ ಶೇ. 2ರಿಂದ 17ರಷ್ಟು ಏರುತ್ತಿದೆಯೆಂದು ಅಂದಾಜು ಮಾಡಿದರು. ಶೇ. 17! ಸೋದರಮಾವನ ಮಗಳನ್ನು ತಂದುಕೊಳ್ಳುವ ನಮ್ಮ ಕಡೆಯವರೂ ಬೆಚ್ಚಬೇಕಾದ ಲೆಕ್ಕ.

ಇದೇ ಕಾಲದಲ್ಲಿ ನಾರ್ವೆಯವರು ತದ್ವಿರುದ್ಧ ದಾರಿ ಹಿಡಿದಿದ್ದರು. ಅವರದು ಸಾಲ್ಮನ್ ಮೀನು. 1970ರ ದಶಕದ ಆರಂಭದಲ್ಲಿ ಟ್ರಿಗ್ವೆ ಯೆಡ್ರೆಮ್ ಮೊದಲಾದವರು ಸುಮಾರು 40 ನದಿಗಳ ಸಾಲ್ಮನ್ ತಂದು, ಒಂದೊಂದು ಕುಟುಂಬದ ಮರಿಗಳನ್ನೂ ಗುರುತಿಟ್ಟು ಬೆಳೆಸಿ, ಚೆನ್ನಾಗಿ ಬೆಳೆದ ಕುಟುಂಬಗಳಿಂದ ಮುಂದಿನ ತಲೆಮಾರನ್ನು ಪಡೆದರು. ವಂಶಾವಳಿ ಬರೆದಿಟ್ಟದ್ದರಿಂದ ಹತ್ತಿರದ ಸಂಬಂಧ ತಪ್ಪಿಸುವುದೂ ಸಾಧ್ಯವಾಯಿತು. ಬೇರೆ ಜೀವಿಯ ವಂಶವಾಹಿ ತಂದು ಸೇರಿಸಿದ್ದಲ್ಲ, ಆರಿಸಿದ್ದು, ಅಷ್ಟೆ. ನಮ್ಮ ತಾಯಂದಿರು ಬಿತ್ತನೆಗೆಂದು ದೊಡ್ಡ ತೆನೆಗಳನ್ನೇ ಬೇರೆ ತೆಗೆದಿಡುತ್ತಿದ್ದರಲ್ಲ, ಅದರ ಕಟ್ಟುನಿಟ್ಟಾದ ರೂಪ.

ಆ ವಿದ್ಯೆ ಭಾರತಕ್ಕೂ ಬಂತು. 1992ರಲ್ಲಿ ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯವರೊಡನೆ ರೋಹು ತಳಿ ಸುಧಾರಣೆಗೆ ತೊಡಗಿತು. ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್, ಗೋಮತಿ ನದಿಗಳ ಮೀನುಗಳನ್ನು ತಮ್ಮ ಕೊಳದ ಮೀನುಗಳೊಡನೆ ಕೂಡಿಸಿದರು. ತಲೆಮಾರಿಗೆ ಸುಮಾರು ಶೇ. 17ರಷ್ಟು ಬೆಳವಣಿಗೆ ಹೆಚ್ಚಿತು. ಸ್ವಾತಂತ್ರ್ಯದ ಸುವರ್ಣ ವರ್ಷವಾದ 1997ರಲ್ಲಿ ಆ ತಳಿಗೆ ‘ಜಯಂತಿ’ ಎಂದು ಹೆಸರಿಟ್ಟರು. ಏಕನಾಥ್ ಅವರೇ ಮುಂದೆ ಆ ಸಂಸ್ಥೆಯ ನಿರ್ದೇಶಕರಾದರು.

ನನ್ನ ಹುಡುಗನ ಗೆಂಡೆಯ ಕಥೆ ಸ್ವಲ್ಪ ಬೇರೆ. ಗೆಂಡೆ ಹೊಂಡದಲ್ಲಿ ತಾನೇ ಮೊಟ್ಟೆಯಿಡುತ್ತದೆ; ನಮ್ಮ ಬಿಸಿಲಿಗೆ ಆರು ತಿಂಗಳೊಳಗೇ ಬಲಿತುಬಿಡುತ್ತದೆ. ಮೈ ಬೆಳೆಯುವ ಮೊದಲೇ ಸಂಸಾರ! ಹೊಂಡ ಮರಿಗಳಿಂದ ತುಂಬಿ ಯಾವುದೂ ದೊಡ್ಡದಾಗುವುದಿಲ್ಲ. ಇದಕ್ಕೆ ಪರಿಹಾರ ಹುಡುಕಿ ಬೆಂಗಳೂರಿನ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದೊಡನೆ ಕೆಲಸ ಮಾಡಿದರು. ಹಂಗೇರಿಯಿಂದ ತಂದ ‘ಅಮೂರ್’ ಗೆಂಡೆ ತಡವಾಗಿ ಬಲಿಯುತ್ತದೆ, ಇಲ್ಲಿಯ ಹಳೆಯ ಗೆಂಡೆಗಿಂತ ಬೇಗ ಬೆಳೆಯುತ್ತದೆ ಎಂದು ಕಂಡುಕೊಂಡರು.

ಇಷ್ಟು ಓದಿದ ಮೇಲೆ ಫೋನ್ ಮಾಡಿ, "ದೊಡ್ಡ ಮೀನ ಏನ ಮಾಡ್ತೀಯಪ್ಪ?" ಎಂದು ಕೇಳಿದೆ. "ಸಂತಿಗೆ ಒಯ್ತೀನ್ರಿ ಸರ. ಸಣ್ಣವು ಹೊಂಡದಾಗ ಉಳೀತಾವು." ನಾಲ್ಕು ವರ್ಷ ಹಾಗೆಯೇ ಮಾಡಿದ್ದ. "ನಿಮ್ಮವ್ವ ಸಣ್ಣ ತೆನಿ ಬೀಜಕ್ಕ ಇಡ್ತಿದ್ಲೇನು?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ಬೇಸಿಗೆಯಲ್ಲಿ ಹೊಂಡ ಬರಿದು ಮಾಡಿ, ಇದ್ದಬದ್ದ ಮೀನನ್ನೆಲ್ಲ ತೆಗೆದ. ಹೊಸ ಮರಿ ಕೊಳ್ಳುವಾಗ, "ಇವುಗಳ ತಾಯಿ ಎಲ್ಲಿಯವು?" ಎಂದು ಕೇಳಿದನಂತೆ. ಮಾರುವವನು ನಕ್ಕು, "ಮೀನಕ್ಕೆಲ್ಲಿ ತವರುಮನಿ?" ಎಂದನಂತೆ. ಇವನು ಮರಿ ಕೊಳ್ಳದೆ ಬಂದಿದ್ದಾನೆ. ಹೊಂಡ ಸದ್ಯ ಖಾಲಿಯಿದೆ.