ಕೊಯ್ನಾ ಗೇಟು, ತುಬಚಿ ಹೊಳೆ

ಇವತ್ತು ಕೃಷ್ಣಾ ಹೊಳೆಯ ಕಥೆ, ನಡುವೆ ಒಂದಿಷ್ಟು ಕೆರಿಬಿಯನ್ ಸಮುದ್ರ.

ಜಮಖಂಡಿ ತಾಲ್ಲೂಕಿನ ತುಬಚಿ ಹೊಳೆದಂಡೆಯ ಊರು. 2019ರ ಆಗಸ್ಟ್‌ನಲ್ಲಿ ಈ ಭಾಗದಲ್ಲಿ ಕಬ್ಬಿನ ಹೊಲ, ರಸ್ತೆ ಎಲ್ಲ ಮುಳುಗಿ ಊರುಗಳೇ ನಡುಗಡ್ಡೆಗಳಾದವು. (ಮುತ್ತೂರು, ಕಂಕಣವಾಡಿ ಕಡೆ ವರ್ಷವಿಡೀ ನಡುಗಡ್ಡೆಯಲ್ಲೇ ಬದುಕೋರಿದ್ದಾರೆ. ಅದು ಬೇರೆಯೇ ಕಥೆ.)

ಅಷ್ಟು ನೀರು ಬಂದಿದ್ದೆಲ್ಲಿಂದ? ಪಶ್ಚಿಮ ಘಟ್ಟದ ಮಳೆಯಿಂದ. ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟೆ ಹಿಡಿಯೋದು ಸುಮಾರು 105 ಟಿಎಂಸಿ. ತುಂಬಿದ ಮೇಲೆ ಗೇಟು ತೆರೆಯಲೇಬೇಕು. ಆ ನೀರು ಕರಾಡದಲ್ಲಿ ಕೃಷ್ಣೆ ಸೇರಿ, ಸಾಂಗಲಿ, ರಾಜಾಪುರ ಬ್ಯಾರೇಜ್, ಹಿಪ್ಪರಗಿ ದಾಟಿ ಇಲ್ಲಿಗೆ ಬರುತ್ತೆ. ಕೆಳಗೆ ಆಲಮಟ್ಟಿ.

ನಮ್ಮವರು ಕೊಯ್ನಾದಿಂದ ನೀರು ಬಿಟ್ಟು ಮುಳುಗಿಸಿದ್ರು ಅಂತಾರೆ. ಸಾಂಗಲಿಯವರು ಆಲಮಟ್ಟಿಯಲ್ಲಿ ನೀರು ಹಿಡಿದು ಮುಳುಗಿಸಿದ್ರು ಅಂತಾರೆ. ಮಹಾರಾಷ್ಟ್ರವೇ ನೇಮಿಸಿದ ವಡ್ನೇರೆ ಸಮಿತಿ 2020ರಲ್ಲಿ, ಆಲಮಟ್ಟಿ ಕಾರಣ ಅಲ್ಲ ಅಂತು. ಜಗಳ ಮಾತ್ರ ನಿಂತಿಲ್ಲ.

ಇದೇ ಹೊತ್ತಲ್ಲಿ ನನಗೆ ಕೆರಿಬಿಯನ್ ದ್ವೀಪಗಳು ನೆನಪಾಗೋದು. ಅವುಗಳಲ್ಲಿ ಹಲವು ನಮ್ಮ ಜಿಲ್ಲೆಯಷ್ಟೂ ಇಲ್ಲದ ದೇಶಗಳು. ಚಂಡಮಾರುತ ಬಂದ್ರೆ ಒಬ್ಬರ ಕೈಲಿ ಆಗಲ್ಲ ಅಂತ 1991ರಲ್ಲೇ ಎಲ್ಲ ಸೇರಿ ಒಂದು ವಿಪತ್ತು ಸಂಸ್ಥೆ ಕಟ್ಟಿಕೊಂಡವು. 2004ರಲ್ಲಿ ಐವಾನ್ ಚಂಡಮಾರುತ ಗ್ರೆನಡಾವನ್ನು ನೆಲಸಮ ಮಾಡಿದ ಮೇಲೆ, 2007ರಲ್ಲಿ ಸಾಮೂಹಿಕ ವಿಮಾ ನಿಧಿ ಶುರುವಾಯ್ತು. ಅಲ್ಲಿ ಮನೆಮನೆ ಸರ್ವೆ ಮುಗಿಯೋವರೆಗೆ ಕಾಯೋದಿಲ್ಲ. ಗಾಳಿಯ ವೇಗ, ಕಂಪನದ ತೀವ್ರತೆ ನೋಡಿಯೇ ಸರ್ಕಾರಕ್ಕೆ ದುಡ್ಡು. 2010ರ ಭೂಕಂಪದ ನಂತರ ಹೈಟಿಗೆ ಎರಡು ವಾರದಲ್ಲಿ ಸುಮಾರು 77.5 ಲಕ್ಷ ಡಾಲರ್ ಸಿಕ್ತು. ಅಷ್ಟು ದೊಡ್ಡ ಅನಾಹುತಕ್ಕೆ ಅದು ಚಿಲ್ಲರೆ, ನಿಜ. ಆದ್ರೆ ಬೇಗ ಬಂತು. ನಮ್ಮಲ್ಲಿ ಬಿದ್ದ ಮನೆ ‘ಎ’ನೋ ‘ಬಿ’ನೋ ‘ಸಿ’ನೋ ಅನ್ನೋ ಪಟ್ಟಿಗೆ ಎಷ್ಟು ಓಡಾಟ, ನಿಮಗೇ ಗೊತ್ತು.

ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಯಡಿಯೂರಪ್ಪನವರ ಜೊತೆ ಕೂತು, ಮಳೆ ಮತ್ತು ಅಣೆಕಟ್ಟೆಗಳ ಮಾಹಿತಿ ಆಗಿಂದಾಗ್ಗೆ ಹಂಚಿಕೊಳ್ಳೋಣ ಅಂತ ಮಾತಾಯ್ತು. ಮರುತಿಂಗಳೇ ಕೃಷ್ಣೆ ಮತ್ತೆ ಉಕ್ಕಿದಳು.

ನನ್ನ ಪ್ರಶ್ನೆ ಸಣ್ಣದು. ಕೊಯ್ನಾ ಗೇಟು ಎದ್ದ ಸುದ್ದಿ ಕಚೇರಿಯಿಂದ ಕಚೇರಿಗೆ ಹೋಗುತ್ತೆ, ಸರಿ. ತುಬಚಿ ರೈತನ ಮೊಬೈಲಿಗೆ ಯಾವಾಗ ಬರುತ್ತೆ? ಅವನಿಗೆ ಹೊಳೆಯಿಂದ ಪಂಪ್‌ಸೆಟ್ ಬಿಚ್ಚಿ ಮೇಲೆ ತರಬೇಕು, ದನ ಸಾಗಿಸಬೇಕು. ಹಗಲಿದ್ದಾಗಲೇ.

ಆಲಮಟ್ಟಿಯನ್ನು 519.6ರಿಂದ 524.256 ಮೀಟರ್‌ಗೆ ಎತ್ತರಿಸೋ ಜಗಳ ಮುಂದಿನ ಸಂಚಿಕೆಗೆ.