ಮುಪ್ಪಿಗೆ ಮದ್ದು ಮಾರಿದವರು

ಹೋರಿಯ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ ಎಂದು ತಿಳಿಯಲು ರೈತನಿಗೆ ಯಾವ ಶಾಸ್ತ್ರವೂ ಬೇಕಾಗಿರಲಿಲ್ಲ. ಹಾಯುವ ಗುಣ ಹೋಗುತ್ತದೆ, ಕೊಬ್ಬಿದ ಕೊರಳು ಇಳಿಯುತ್ತದೆ, ಪ್ರಾಣಿ ನೊಗಕ್ಕೆ ಒಗ್ಗುತ್ತದೆ. ಗಂಡಿನ ಕಸುವಿಗೂ ವೃಷಣಕ್ಕೂ ನಂಟಿದೆ ಎಂಬ ಈ ಅರಿವು ಬಹಳ ಹಳೆಯದು, ಸರಿಯಾದದ್ದೂ ಹೌದು. ಆದರೆ ಮನುಷ್ಯ ಅಷ್ಟಕ್ಕೇ ನಿಲ್ಲಲಿಲ್ಲ. ತೆಗೆದರೆ ಹೋಗುವ ಕಸುವು ಸೇರಿಸಿದರೆ ಮರಳಬೇಕು, ಕಸುವು ಮರಳಿದರೆ ಮುಪ್ಪೂ ಹಿಂದೆ ಸರಿಯಬೇಕು ಎಂದು ಎಣಿಸಿದ. ಮೊದಲನೆಯದು ಕಣ್ಣಾರೆ ಕಂಡ ಸಂಗತಿ, ಎರಡನೆಯದು ಬರೀ ಆಸೆ. ಈ ಆಸೆಯ ಮೇಲೆ ಕಳೆದ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದು ದೊಡ್ಡ ವ್ಯಾಪಾರವೇ ನಡೆದು ಬಂದಿದೆ. ಆ ವ್ಯಾಪಾರ ಗಂಡಸರ ಹಣ ಕಿತ್ತುಕೊಂಡಿತು ಎಂಬುದು ನಿಜ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಕೇಡು ಬೇರೆಯಿದೆ. ವಯಸ್ಸಾಗುತ್ತಿರುವ ಗಂಡಸಿನ ಗಮನವನ್ನೆಲ್ಲ ಅದು ಒಂದೇ ಗ್ರಂಥಿಯ ಮೇಲೆ ನಿಲ್ಲಿಸಿತು. ಅವನನ್ನು ನಿಜವಾಗಿ ಕೊಲ್ಲುವ ಹೃದಯದ, ರಕ್ತನಾಳದ, ಶ್ವಾಸಕೋಶದ ಕಾಯಿಲೆಗಳ ಕಡೆ ನೋಡದಂತೆ ಮಾಡಿತು.

1849ರಲ್ಲಿ ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಅರ್ನಾಲ್ಡ್ ಬರ್ಥೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ವೃಷಣ ತೆಗೆದು, ಕೆಲವಕ್ಕೆ ಅದನ್ನೇ ಹೊಟ್ಟೆಯೊಳಗೆ ಮತ್ತೆ ನೆಟ್ಟ. ನರಗಳ ಸಂಬಂಧ ಕಡಿದುಹೋಗಿದ್ದರೂ ಆ ಹುಂಜಗಳಿಗೆ ಜುಟ್ಟು ಬೆಳೆಯಿತು, ಅವು ಕೂಗಿದವು, ಕಾಳಗಕ್ಕೆ ನಿಂತವು. ಹಾಗಾದರೆ ಗ್ರಂಥಿಯಿಂದ ಏನೋ ಒಂದು ರಕ್ತಕ್ಕೆ ಸೇರುತ್ತಿದೆ ಎಂದಾಯಿತು. ಬರ್ಥೋಲ್ಡ್ ಇದನ್ನು ಬರೆದಿಟ್ಟು ಸುಮ್ಮನಾದ, ಲೋಕವೂ ಮರೆಯಿತು. ನಲವತ್ತು ವರ್ಷಗಳ ನಂತರ, 1889ರ ಜೂನ್ 1ರಂದು ಪ್ಯಾರಿಸ್‌ನ ಜೀವಶಾಸ್ತ್ರ ಸಂಘದ ಮುಂದೆ ಎದ್ದು ನಿಂತ ಶಾರ್ಲ್ ಎಡ್ವರ್ಡ್ ಬ್ರೌನ್-ಸೆಕಾರ್ ಮಾತ್ರ ಮರೆತುಹೋಗುವ ವ್ಯಕ್ತಿಯಾಗಿರಲಿಲ್ಲ. ಮಾರಿಷಸ್‌ನಲ್ಲಿ ಹುಟ್ಟಿ, ಬೆನ್ನುಹುರಿಯ ಅಧ್ಯಯನದಿಂದ ಹೆಸರಾಗಿದ್ದ ಆತನಿಗೆ ಆಗ 72 ವರ್ಷ. ನಾಯಿಯ ಮತ್ತು ಗಿನಿ ಹಂದಿಯ ವೃಷಣ ಜಜ್ಜಿ, ಸೋಸಿದ ನೀರನ್ನು ಚರ್ಮದ ಕೆಳಗೆ ಚುಚ್ಚಿಕೊಂಡೆ ಎಂದ. ಮುಂಗೈ ಬಲ ಹೆಚ್ಚಿದೆ, ಮೆಟ್ಟಿಲನ್ನು ಓಡುತ್ತ ಹತ್ತಬಲ್ಲೆ, ಗಂಟೆಗಟ್ಟಲೆ ನಿಂತು ಕೆಲಸ ಮಾಡಬಲ್ಲೆ ಎಂದು ಅಳತೆಗಳ ಸಮೇತ ವರದಿ ಒಪ್ಪಿಸಿದ. ಆತ ಸುಳ್ಳುಗಾರನಲ್ಲ, ಆ ದ್ರವವನ್ನು ವೈದ್ಯರಿಗೆ ಉಚಿತವಾಗಿಯೇ ಹಂಚಿದ. ಕೆಲವೇ ತಿಂಗಳಲ್ಲಿ ಸಾವಿರಾರು ವೈದ್ಯರು ಅದನ್ನು ಬಳಸತೊಡಗಿದರು, ಮಾರುವವರೂ ಹುಟ್ಟಿಕೊಂಡರು. ವೃಷಣ ತನ್ನ ಹಾರ್ಮೋನನ್ನು ಕೂಡಿಡುವುದಿಲ್ಲ, ಆದ ಹಾಗೆಯೇ ರಕ್ತಕ್ಕೆ ಬಿಟ್ಟುಬಿಡುತ್ತದೆ. ಮೇಲಾಗಿ ಆ ಹಾರ್ಮೋನು ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ದ್ರವ ತಯಾರಿಸಿ ಅಳೆದಾಗ, ಅದರಲ್ಲಿದ್ದ ಟೆಸ್ಟೋಸ್ಟೆರಾನ್ ದೇಹದ ಮೇಲೆ ಯಾವ ಪರಿಣಾಮವನ್ನೂ ಬೀರಲಾರದಷ್ಟು ಕಡಿಮೆಯಿತ್ತು. ಮುದುಕ ವಿಜ್ಞಾನಿಯನ್ನು ಮೆಟ್ಟಿಲು ಹತ್ತಿಸಿದ್ದು ನಂಬಿಕೆಯೇ.

ಆ ತಪ್ಪಿನಿಂದಲೇ ಹಾರ್ಮೋನ್ ವಿಜ್ಞಾನ ಹುಟ್ಟಲಿಲ್ಲವೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಎರಡೇ ವರ್ಷಗಳ ನಂತರ, 1891ರಲ್ಲಿ, ಇಂಗ್ಲೆಂಡಿನ ಜಾರ್ಜ್ ಮರ್‍ರೆ ಕುರಿಯ ಥೈರಾಯ್ಡ್ ಸಾರ ಕೊಟ್ಟು, ಥೈರಾಯ್ಡ್ ಸೋತ ರೋಗಿಯನ್ನು ನಿಜವಾಗಿಯೂ ಗುಣಪಡಿಸಿದರು. ಥೈರಾಯ್ಡ್ ತನ್ನ ಹಾರ್ಮೋನನ್ನು ಕೂಡಿಡುತ್ತದೆ, ಹಾಗಾಗಿ ಅದರ ಸಾರದಲ್ಲಿ ಸತ್ವವಿತ್ತು. ಅಲ್ಲದೆ ಅಲ್ಲೊಂದು ಗುರುತಿಸಬಹುದಾದ ರೋಗವಿತ್ತು, ಕೊರತೆಯಿತ್ತು, ತುಂಬಿದಾಗ ಕಾಣುವ ಬದಲಾವಣೆಯಿತ್ತು. ಮುಪ್ಪಿನ ಮದ್ದು ಮಾರಿದವರಿಗೆ ಈ ಮೂರರ ಗೊಡವೆಯೇ ಬೇಕಿರಲಿಲ್ಲ, ಏಕೆಂದರೆ ಮುಪ್ಪು ಎಲ್ಲರಿಗೂ ಬರುತ್ತದೆ.

ಮುಂದಿನ ಕಂತು ವಿಯೆನ್ನಾದಲ್ಲಿ. ವೀರ್ಯನಾಳವನ್ನು ಕಟ್ಟಿದರೆ ವೀರ್ಯಾಣು ತಯಾರಿಸುವ ಭಾಗ ಕುಗ್ಗಿ, ಹಾರ್ಮೋನ್ ತಯಾರಿಸುವ ಭಾಗ ಹಿಗ್ಗುತ್ತದೆ ಎಂಬುದು ಓಯ್ಗೆನ್ ಸ್ಟೈನಾಖ್ ಎಂಬ ಶರೀರಶಾಸ್ತ್ರಜ್ಞನ ಲೆಕ್ಕಾಚಾರ. 1918ರಲ್ಲಿ ಮೊದಲ ಬಾರಿ ಮನುಷ್ಯನ ಮೇಲೆ ಈ ಶಸ್ತ್ರಚಿಕಿತ್ಸೆ ನಡೆಯಿತು. 1923ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಮಾಡಿಸಿಕೊಂಡ. 1934ರಲ್ಲಿ, 68ನೇ ವಯಸ್ಸಿನಲ್ಲಿ, ಕವಿ ಯೇಟ್ಸ್ ಮಾಡಿಸಿಕೊಂಡ. ಅತ್ತ ಪ್ಯಾರಿಸ್‌ನಲ್ಲಿ ಸೆರ್ಜ್ ವೊರೊನಾಫ್ 1920ರಿಂದ ವಾನರಗಳ ವೃಷಣದ ತೆಳು ಹೋಳುಗಳನ್ನು ಸಿರಿವಂತ ಗಂಡಸರಿಗೆ ಕಸಿ ಮಾಡುತ್ತಿದ್ದ. ಅನ್ಯ ಪ್ರಾಣಿಯ ಅಂಗಾಂಶವನ್ನು ದೇಹ ಉಳಿಸಿಕೊಳ್ಳುವುದಿಲ್ಲ, ಆ ಹೋಳುಗಳು ಒಳಗೇ ಸತ್ತು ಗಾಯದ ಕಲೆಯಾಗುತ್ತಿದ್ದವು. ಅಮೆರಿಕದ ಕ್ಯಾನ್ಸಾಸ್‌ನಲ್ಲಿ ಜಾನ್ ಬ್ರಿಂಕ್ಲಿ ಎಂಬಾತ ಹೋತದ ಬೀಜ ಕಸಿ ಮಾಡಿ ಒಬ್ಬೊಬ್ಬರಿಂದ 750 ಡಾಲರ್ ಪಡೆದ. ಸ್ವಂತ ರೇಡಿಯೊ ಕೇಂದ್ರದಿಂದ ಅದನ್ನು ಸಾರಿದ. 1930ರಲ್ಲಿ ಅವನ ವೈದ್ಯಕೀಯ ಪರವಾನಗಿ ರದ್ದಾಗುವ ಹೊತ್ತಿಗೆ ಅವನ ಆಸ್ಪತ್ರೆಯಲ್ಲಿ ಜೀವ ಕಳೆದುಕೊಂಡವರೂ ಇದ್ದರು.

ಸ್ಟೈನಾಖ್‌ನ ಶಸ್ತ್ರಚಿಕಿತ್ಸೆ ನಮಗೆ ಹೊಸದಲ್ಲ. ವೀರ್ಯನಾಳ ಕಟ್ಟುವ ಅದೇ ಕೆಲಸವನ್ನು ಸ್ವಾತಂತ್ರ್ಯಾನಂತರದ ಭಾರತದಲ್ಲಿ ಕುಟುಂಬ ಯೋಜನೆಯ ಹೆಸರಲ್ಲಿ ಮಾಡಲಾಯಿತು, ಮತ್ತು ನಮ್ಮ ಗಂಡಸರು ಅದಕ್ಕೆ ಹೆದರಿ ದೂರ ಸರಿದರು. ಗಂಡಸುತನ ಹೆಚ್ಚಲೆಂದು ವಿಯೆನ್ನಾದವರು ಯಾವುದನ್ನು ಹಣ ಕೊಟ್ಟು ಮಾಡಿಸಿಕೊಂಡರೋ ಅದನ್ನೇ, ಗಂಡಸುತನ ಹೋಗುತ್ತದೆಂದು, ಕೆಲಸ ಮಾಡಲು ತ್ರಾಣ ಉಳಿಯುವುದಿಲ್ಲವೆಂದು ನಮ್ಮವರು ಬೇಡವೆಂದರು. ಎರಡೂ ಸುಳ್ಳು: ನಾಳ ಕಟ್ಟಿದರೂ ಹಾರ್ಮೋನು ರಕ್ತದ ಮೂಲಕ ಮೊದಲಿನಂತೆಯೇ ಹರಿಯುತ್ತದೆ. ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್‌ಗಳು ಈ ಭಯವನ್ನು ಇಮ್ಮಡಿಸಿದವು ಎಂಬುದನ್ನು ಒಪ್ಪಲೇಬೇಕು. ಹಾಗಿದ್ದರೂ, ಅದಾಗಿ ನಾಲ್ಕು ದಶಕಗಳ ಮೇಲೆ ನಡೆದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಶೇ. 37.9ರಷ್ಟು ಕಡೆ ಹೆಂಡತಿ ಆಪರೇಷನ್ ಮಾಡಿಸಿಕೊಂಡಿದ್ದರೆ, ಗಂಡ ಮಾಡಿಸಿಕೊಂಡದ್ದು ಶೇ. 0.3ರಷ್ಟು ಕಡೆ ಮಾತ್ರ. ಗಂಡಸಿನ ಸತ್ವವೆಲ್ಲ ಒಂದೇ ಜಾಗದಲ್ಲಿದೆ ಎಂಬ ನಂಬಿಕೆಯ ಬೆಲೆಯನ್ನು ಇಲ್ಲಿ ಹೆಂಗಸರು ತಮ್ಮ ಹೊಟ್ಟೆ ಕೊಯ್ಯಿಸಿಕೊಂಡು ತೆತ್ತಿದ್ದಾರೆ.

ನಮ್ಮಲ್ಲಿ ಈ ನಂಬಿಕೆ ಯುರೋಪಿನಿಂದ ಬಂದದ್ದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಒಂದು. ಏಳು ಧಾತುಗಳಲ್ಲಿ ಶುಕ್ರ ಕೊನೆಯದು, ಅನ್ನರಸದಿಂದ ಮೊದಲ್ಗೊಂಡು ಒಂದೊಂದಾಗಿ ಪಾಕಗೊಂಡು ಬಂದ ಸಾರ. ಆದರೆ ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾಜೀಕರಣಕ್ಕೂ ಮೊದಲು ರಸಾಯನದ ಅಧ್ಯಾಯ ಬರುತ್ತದೆ. ಅಲ್ಲಿ ನೆಲ್ಲಿಕಾಯಿ, ಅಳಲೆಕಾಯಿಗಳ ಜೊತೆಗೆ ಮದ್ಯ ಬಿಡುವುದು, ಅತಿ ಆಯಾಸ ಮಾಡಿಕೊಳ್ಳದಿರುವುದು, ನಿದ್ದೆ ಎಚ್ಚರಗಳಲ್ಲಿ ಸಮತೋಲ, ಹಾಲು ತುಪ್ಪದ ಊಟ, ಶಾಂತ ನಡವಳಿಕೆ ಎಲ್ಲವೂ ಆಯುಷ್ಯದ ಉಪಾಯಗಳೇ. ಅಂದರೆ ಹಳೆಯ ಶಾಸ್ತ್ರ ಮುಪ್ಪನ್ನು ಇಡೀ ಬದುಕಿನ ವಿಷಯವಾಗಿ ಕಂಡಿತ್ತು. ಅದರಿಂದ ಶುಕ್ರವೊಂದನ್ನೇ ಕಿತ್ತು ಪೊಟ್ಟಣ ಕಟ್ಟಿದ್ದು ಮುದ್ರಣಯುಗದ ವ್ಯಾಪಾರ. ಬ್ರಿಟಿಷರ ಕಾಲದ ದೇಶಭಾಷಾ ಪತ್ರಿಕೆಗಳ ಜಾಹೀರಾತು ಪುಟಗಳಲ್ಲಿ ಧಾತುಪುಷ್ಟಿಯ ಗುಳಿಗೆ, ಲೇಹ್ಯಗಳಿಗೆ ಎಂದೂ ಬರವಿರಲಿಲ್ಲ. ಇದು ಹುಟ್ಟಿಸಿದ ಭಯ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ವೀರ್ಯ ನಷ್ಟವಾಗಿ ಸವೆದುಹೋಗುತ್ತಿದ್ದೇನೆಂದು ಕೊರಗುವ ಯುವಕರ ಸ್ಥಿತಿಗೆ 1960ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ಒಂದು ಹೆಸರನ್ನೇ ಕೊಡಬೇಕಾಯಿತು. ಅದಕ್ಕೂ ಮೊದಲೇ, 1954ರಲ್ಲಿ, ಕಾಮಶಕ್ತಿ ಹೆಚ್ಚಿಸುವ ಔಷಧಿಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ತಂದಿತ್ತು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ; ಊರ ಹೊರಗಿನ ಗೋಡೆಬರಹಗಳೂ ಹಾಗೆಯೇ ಉಳಿದಿವೆ.

1935ರಲ್ಲಿ ಆಟ ಬದಲಾಯಿತು. ಆಮ್ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ತಂಡ ಸುಮಾರು 100 ಕಿಲೋ ಹೋರಿಬೀಜದಿಂದ ಕೇವಲ 10 ಮಿಲಿಗ್ರಾಂ ಹಾರ್ಮೋನ್ ಹರಳುಗಳನ್ನು ತೆಗೆದು ಅದಕ್ಕೆ ಟೆಸ್ಟೋಸ್ಟೆರಾನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಹಾಗಾದರೆ ಈಗ ಮದ್ದು ನಿಜವಾದದ್ದು ಸಿಕ್ಕಿತಲ್ಲ, ಹಳೆಯ ಮೋಸಗಾರರ ಕಥೆ ಹೇಳಿ ಏನು ಪ್ರಯೋಜನ? ಈ ಆಕ್ಷೇಪ ಗಟ್ಟಿಯಾದದ್ದು. ಹುಟ್ಟಿನಿಂದಲೇ ವೃಷಣ ಬೆಳೆಯದವರಿಗೆ, ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವೃಷಣ ಕಳೆದುಕೊಂಡವರಿಗೆ ಟೆಸ್ಟೋಸ್ಟೆರಾನ್ ವರದಾನವೇ. ಆದರೆ ಮಾರುಕಟ್ಟೆ ಹುಡುಕುವುದು ಇಂಥವರನ್ನಲ್ಲ, ಐವತ್ತು ದಾಟಿದ ಸುಸ್ತಾದ ಗಂಡಸನ್ನು. ಹೆಂಗಸಿನಲ್ಲಿ ಮುಟ್ಟು ನಿಲ್ಲುವಾಗ ಹಾರ್ಮೋನು ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. ಗಂಡಸಿನಲ್ಲಿ ಅಂಥ ಕುಸಿತವಿಲ್ಲ. ನಡುವಯಸ್ಸಿನಿಂದ ವರ್ಷಕ್ಕೆ ಸುಮಾರು ಶೇ. 1ರಂತೆ ಇಳಿಯುತ್ತ ಹೋಗುತ್ತದೆ, ಬೊಜ್ಜು ಬಂದವರಲ್ಲಿ ಇನ್ನೂ ಬೇಗ. ಯುರೋಪಿನ ಎಂಟು ನಗರಗಳಲ್ಲಿ 40ರಿಂದ 79 ವಯಸ್ಸಿನವರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಹೇಳಿದ್ದೇನೆಂದರೆ, ಲಕ್ಷಣವೂ ಕೊರತೆಯೂ ಎರಡೂ ಕೂಡಿದ ನಿಜವಾದ ಪ್ರಕರಣಗಳು ಶೇ. 2ರಷ್ಟು ಮಾತ್ರ. 2016ರಲ್ಲಿ, ಹಾರ್ಮೋನ್ ಮಟ್ಟ ತಗ್ಗಿದ 65 ದಾಟಿದ 790 ಅಮೆರಿಕನ್ ಗಂಡಸರಿಗೆ ಒಂದು ವರ್ಷ ಟೆಸ್ಟೋಸ್ಟೆರಾನ್ ಕೊಟ್ಟು ನೋಡಿದಾಗ ಕಾಮಾಸಕ್ತಿ ಸ್ವಲ್ಪ ಹೆಚ್ಚಿತು, ಜಾಹೀರಾತುಗಳು ಸದಾ ಹೇಳುವ ಚೈತನ್ಯ ಮಾತ್ರ ಗಮನಾರ್ಹವಾಗಿ ಹೆಚ್ಚಲಿಲ್ಲ.

ಈ ಹಾರ್ಮೋನು ಆಯುಷ್ಯದ ಅಮೃತವೇನೂ ಅಲ್ಲ ಎನ್ನಲು ಇತಿಹಾಸದಲ್ಲೇ ಒಂದು ಸಾಕ್ಷಿಯಿದೆ. ಕೊರಿಯಾದ ಚೋಸುನ್ ಅರಮನೆಯ ಬೀಜ ತೆಗೆಸಿಕೊಂಡ ಸೇವಕರ ವಂಶಾವಳಿಯನ್ನು 2012ರಲ್ಲಿ ಪರಿಶೀಲಿಸಿದವರು 81 ಜನರ ಆಯುಷ್ಯ ಲೆಕ್ಕ ಹಾಕಿದರು. ಸರಾಸರಿ 70 ವರ್ಷ. ಅದೇ ಅಂತಸ್ತಿನ ಉಳಿದ ಗಂಡಸರಿಗಿಂತ 14ರಿಂದ 19 ವರ್ಷ ಹೆಚ್ಚು. ಅವರಲ್ಲಿ ಮೂವರು ನೂರು ಮುಟ್ಟಿದ್ದರು. ಬದುಕಿನ ರೀತಿಯ ವ್ಯತ್ಯಾಸವೂ ಇದಕ್ಕೆ ಕಾರಣವಾಗಿರಬಹುದು, ಇಷ್ಟರಿಂದಲೇ ಹಾರ್ಮೋನು ಆಯುಷ್ಯ ಕಡಿಯುತ್ತದೆ ಎನ್ನಲಾಗದು. ಹಾರ್ಮೋನಿಲ್ಲದೆ ಗಂಡಸು ಬೇಗ ಸಾಯುತ್ತಾನೆ ಎಂಬ ಮಾತಂತೂ ಇದರ ಮುಂದೆ ನಿಲ್ಲುವುದಿಲ್ಲ. 1941ರಲ್ಲಿ ಚಾರ್ಲ್ಸ್ ಹಗಿನ್ಸ್, ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ವೃಷಣ ತೆಗೆದರೆ ಕುಗ್ಗುತ್ತದೆ ಎಂದು ತೋರಿಸಿ ಮುಂದೆ ನೊಬೆಲ್ ಪಡೆದದ್ದೂ ಇದೇ ಹಾರ್ಮೋನಿನ ಇನ್ನೊಂದು ಮುಖ.

ಇತ್ತ ಗಂಡಸಿನ ಸಾವಿನ ನಿಜವಾದ ಕಾರಣಗಳನ್ನು ಕಂಡುಹಿಡಿದವರು ಯಾವ ಗ್ರಂಥಿಯನ್ನೂ ಮಾರಲಿಲ್ಲ, ತಾಳ್ಮೆಯಿಂದ ಎಣಿಸಿದರು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನ 5,209 ಜನರ ಬೆನ್ನು ಹತ್ತಿದ ಅಧ್ಯಯನದಿಂದ ಬಿಪಿ, ಕೊಲೆಸ್ಟೆರಾಲ್, ಸಿಗರೇಟುಗಳ ಅಪಾಯ ಅಂಕಿಗಳಲ್ಲಿ ಕಂಡಿತು. 1953ರಲ್ಲಿ ಜೆರ್‍ರಿ ಮಾರಿಸ್ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದ: ದಿನವಿಡೀ ಕುಳಿತ ಡ್ರೈವರನಿಗೆ ಹೃದಯಾಘಾತ ಹೆಚ್ಚು, ದಿನವಿಡೀ ಮೆಟ್ಟಿಲು ಹತ್ತಿಳಿದ ಕಂಡಕ್ಟರನಿಗೆ ಕಡಿಮೆ. ಡ್ರೈವರುಗಳ ಸಮವಸ್ತ್ರದ ಸೊಂಟದ ಅಳತೆಯೂ ದೊಡ್ಡದಿತ್ತು. ಊಟವೇ ಹಾರ್ಮೋನನ್ನು ಆಳುತ್ತದೆ ಎಂಬುದಕ್ಕೆ 1944–45ರ ಮಿನೆಸೋಟ ಪ್ರಯೋಗ ಪುರಾವೆ. ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಾಗ ಅವರ ತೂಕದ ಕಾಲುಭಾಗ ಕರಗಿತು, ಕಾಮಾಸಕ್ತಿ ಅಡಗಿತು, ಮನಸ್ಸು ಮಂಕಾಯಿತು. ಅನ್ನ ಮರಳಿ ಕೊಟ್ಟ ಮೇಲೆ ನಿಧಾನವಾಗಿ ಎಲ್ಲವೂ ಮರಳಿತು. ಅತಿ ಊಟವೂ ಅದೇ ಕೆಡುಕು ಮಾಡುತ್ತದೆ, ಏಕೆಂದರೆ ಹೊಟ್ಟೆಯ ಬೊಜ್ಜು ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಪರಿವರ್ತಿಸುತ್ತದೆ.

ಈ ಎಣಿಕೆಯ ಚರಿತ್ರೆಯಲ್ಲಿ ಮೈಸೂರಿಗೂ ಹೆಮ್ಮೆಯ ಜಾಗವಿದೆ, ಕನ್ನಡಿಗರಿಗೆ ಅದು ಇನ್ನೂ ಹೆಚ್ಚು ಗೊತ್ತಾಗಬೇಕು. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ನಡುವಯಸ್ಸು ಮುಟ್ಟಿದ್ದ 517 ಗಂಡಸರು ಹೆಂಗಸರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಶೇ. 3 ಮಾತ್ರ. ತಾಯಿಯೂ ಬಡಕಲಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಗಂಡಸಿನ ಐವತ್ತರ ಎದೆನೋವಿಗೆ ಅವನ ತಾಯಿಯ ಬಸಿರಿನ ದಿನಗಳ ಊಟವೂ ಒಂದು ಕಾರಣವೆಂದರೆ, ಅವನ ಆರೋಗ್ಯವನ್ನು ಒಂದೇ ಗ್ರಂಥಿಯಲ್ಲಿ ಹುಡುಕುವುದು ಎಷ್ಟು ಸಂಕುಚಿತವೆಂದು ಬೇರೆ ಹೇಳಬೇಕಿಲ್ಲ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಹೊಸ ಪುರಾವೆಯೂ ಇದೆ. 2021ರಲ್ಲಿ ಆಸ್ಟ್ರೇಲಿಯಾದ ಸಾವಿರದಷ್ಟು ದಪ್ಪ ಸೊಂಟದ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ಆಹಾರ ವ್ಯಾಯಾಮದ ಕ್ರಮದ ಜೊತೆಗೆ ಎರಡು ವರ್ಷ ಟೆಸ್ಟೋಸ್ಟೆರಾನ್ ಚುಚ್ಚಿದವರಲ್ಲಿ ಸಕ್ಕರೆ ಕಾಯಿಲೆ ಶೇ. 12, ಬರೀ ಆಹಾರ ವ್ಯಾಯಾಮ ಪಾಲಿಸಿದವರಲ್ಲಿ ಶೇ. 21 ಕಂಡಿತು. ಇದು ಸಣ್ಣ ಲಾಭವಲ್ಲ. ಆದರೆ ಹಾರ್ಮೋನ್ ಪಡೆದವರಲ್ಲಿ ಐದರಲ್ಲೊಬ್ಬರಿಗೆ ರಕ್ತ ಅಪಾಯದ ಮಟ್ಟಕ್ಕೆ ಗಟ್ಟಿಯಾಯಿತು. ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2023ರಲ್ಲಿ ಮುಗಿದ ಇನ್ನೊಂದು ಪ್ರಯೋಗದಲ್ಲಿ ಹೃದಯಾಘಾತ ಹೆಚ್ಚಲಿಲ್ಲ, ನಿಜ. ಎದೆಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಿದವು. ಹೊರಗಿನಿಂದ ಹಾರ್ಮೋನ್ ಬಂದಾಗ ವೃಷಣ ತನ್ನ ಕೆಲಸ ನಿಲ್ಲಿಸುತ್ತದೆ, ವೀರ್ಯಾಣುಗಳು ಕಡಿಮೆಯಾಗುತ್ತವೆ. ಜಿಮ್‌ಗಳಲ್ಲಿ ಕದ್ದು ಚುಚ್ಚಿಸಿಕೊಳ್ಳುವ ಹುಡುಗರಿಗೆ ಇದನ್ನು ಯಾರೂ ಹೇಳುತ್ತಿಲ್ಲ.

2016–17ರ ಸಮೀಕ್ಷೆಯಂತೆ ಭಾರತದ ವಯಸ್ಕ ಗಂಡಸರಲ್ಲಿ ಶೇ. 42.4ರಷ್ಟು ಜನ ಯಾವುದೋ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಯಾವ ಹಾರ್ಮೋನಿನ ಕೊರತೆಯೂ ಅಷ್ಟು ಜನರ ಆಯುಷ್ಯ ತಿನ್ನುತ್ತಿಲ್ಲ. ಹಾಗಾಗಿ ನಲವತ್ತು ದಾಟಿದ ಓದುಗರಲ್ಲಿ ಒಂದು ಬಿನ್ನಹ: ಸುಸ್ತಾಗುತ್ತಿದೆ ಎಂದು ಹಾರ್ಮೋನ್ ಕ್ಲಿನಿಕ್ಕಿನ ಬಾಗಿಲಿಗೆ ಹೋಗುವ ಮೊದಲು ಬಿಪಿ ನೋಡಿಸಿ, ಸಕ್ಕರೆ ಮತ್ತು ಕೊಲೆಸ್ಟೆರಾಲ್ ಪರೀಕ್ಷೆ ಮಾಡಿಸಿ, ಸೊಂಟ ಅಳೆದುಕೊಳ್ಳಿ, ಬೀಡಿ ಸಿಗರೇಟು ಗುಟ್ಕಾ ಬಿಡಿ. ಆಮೇಲೂ ಅನುಮಾನ ಉಳಿದರೆ ಟೆಸ್ಟೋಸ್ಟೆರಾನ್ ಪರೀಕ್ಷೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಮಾಡಿಸಿ, ಫಲಿತಾಂಶವನ್ನು ಮದ್ದು ಮಾರದ ವೈದ್ಯರಿಗೆ ತೋರಿಸಿ.